ಹಿರಿಯರ ಕಿಸೆ ಗಡಿಯಾರ: ರಿಪೇರಿಯೋ, ಹಾಗೇ ಇಡುವುದೋ?

ಮಠದ ಕಟ್ಟೆಗೆ ಬರುವ ಪ್ರಶ್ನೆಗಳೆಲ್ಲ ಪಾರಮಾರ್ಥಿಕವಾಗಿರುವುದಿಲ್ಲ. ಎತ್ತು ಮಾರಲೇ, ಬೋರು ಕೊರೆಸಲೇ, ಮಗಳನ್ನು ಧಾರವಾಡಕ್ಕೆ ಓದಲು ಕಳಿಸಲೇ ಎಂಬ ಪ್ರಶ್ನೆಗಳೇ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಇನ್ನೊಂದು ಬಗೆಯ ಪ್ರಶ್ನೆ ಸೇರಿಕೊಂಡಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹಳೆಯ ಮಣ್ಣಿನ ಮಾಳಿಗೆಗಳನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವ ಭರಾಟೆಯಲ್ಲಿ, ಮಾಡದ ಮೂಲೆಯಿಂದಲೋ ಸಂದೂಕದ ತಳದಿಂದಲೋ ಹಿರಿಯರ ವಸ್ತುಗಳು ಹೊರಬೀಳುತ್ತಿವೆ. ನಿಜಾಮರ ಕಾಲದ ಹಾಲಿ ನಾಣ್ಯ, ಉರ್ದು ಮೊಹರಿನ ಕಾಗದ, ಹಿತ್ತಾಳೆಯ ಅಡಕೊತ್ತು, ಅವುಗಳ ನಡುವೆ ಒಮ್ಮೊಮ್ಮೆ ಸರಪಳಿ ಹರಿದ, ಗಾಜು ಒಡೆದ ಒಂದು ಕಿಸೆ ಗಡಿಯಾರ. ಅದನ್ನು ಏನು ಮಾಡಬೇಕು? ನೋಡುವವರಿಗೆ ಇದು ಸಣ್ಣ ಮಾತು. ಆದರೆ ಈ ಸಣ್ಣ ಮಾತಿನಿಂದ ಒಂದೇ ಒಲೆಯ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಕಂಡಿದ್ದೇವೆ. ಆದಕಾರಣ ಸದ್ಭಕ್ತರ ಮುಂದೆ ಈ ವಾರ ಇದನ್ನೇ ಇಡುತ್ತಿದ್ದೇವೆ.

ಮೊದಲು, ಈ ಯಂತ್ರ ನಮ್ಮ ಸೀಮೆಗೆ ಬಂದ ಬಗೆ. ಬೆಳಗಿನ ಕೋಳಿ, ನೆತ್ತಿಯ ಸೂರ್ಯ, ಹಟ್ಟಿಗೆ ಮರಳುವ ದನ, ಇವೇ ನಮ್ಮ ಅಜ್ಜ ಮುತ್ತಜ್ಜಂದಿರ ಗಡಿಯಾರಗಳಾಗಿದ್ದವು. 1876ರಿಂದ 78ರ ಭೀಕರ ಬರ ಈ ನಾಡನ್ನು ಒಣಗಿಸಿದ ಮೇಲೆ, ಧಾನ್ಯ ಸಾಗಿಸುವ ದಾರಿಯಿಲ್ಲದೆ ಜನ ಸತ್ತರೆಂಬ ಅರಿವಿನಿಂದ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಬಂದವು. 1880ರ ದಶಕದಲ್ಲಿ ಗದಗದಿಂದ ಹೊಸಪೇಟೆಯ ಕಡೆಗೆ ಕೊಪ್ಪಳದ ಮೇಲೆ ರೈಲು ಓಡಿತು. ರೈಲಿಗೆ ಸೂರ್ಯನ ಸಮಯ ಸಾಲದು. ದೇಶದ ರೈಲುಗಳು ಆಗ ನಡೆಯುತ್ತಿದ್ದುದು ಮದರಾಸಿನ ವೇಳೆಗೆ. ಕೊಪ್ಪಳದ ಸೂರ್ಯನಿಗಿಂತ ಅದು ಸುಮಾರು 16 ನಿಮಿಷ ಮುಂದು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ವೇಳೆ ಬಂದಾಗ ಈ ಅಂತರ 25 ನಿಮಿಷಕ್ಕೆ ಏರಿತು. ಇಂದಿಗೂ ಕೊಪ್ಪಳದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ, ಹೆಚ್ಚು ಕಡಿಮೆ 12-25ಕ್ಕೆ. ಹತ್ತಿಯ ಅಂಡಿಗೆಯನ್ನೋ ಶೇಂಗಾ ಚೀಲವನ್ನೋ ರೈಲಿಗೆ ಹಾಕುವ ಸಾವುಕಾರನಿಗೆ ಆ 25 ನಿಮಿಷ ದೊಡ್ಡದು. ಹಾಗಾಗಿ ಸ್ಟೇಷನ್ ಮಾಸ್ತರರ ಕಿಸೆಯ ಗಡಿಯಾರ ಸಾವುಕಾರನ ಕಿಸೆಗೂ, ಅಲ್ಲಿಂದ ಗೌಡರ, ಪಾಟೀಲರ, ಶಾಲೆಯ ಮಾಸ್ತರರ ಕೋಟಿಗೂ ಇಳಿಯಿತು. 1886ರಲ್ಲಿ ಮುಂಬಯಿಯಲ್ಲಿ ಆರಂಭವಾದ ವೆಸ್ಟ್ ಎಂಡ್ ವಾಚ್ ಕಂಪನಿಯ ಸ್ವಿಸ್ ಗಡಿಯಾರಗಳು ಈ ದೇಶದ ಮೂಲೆ ಮೂಲೆಗೂ ಹೋದವು.

ಇಲ್ಲಿ ಒಂದು ಭ್ರಮೆಯನ್ನು ಕಳೆಯಬೇಕಾಗಿದೆ. ಹಳೆಯದೆಲ್ಲ ಲಕ್ಷ ಲಕ್ಷ ಬಾಳುತ್ತದೆಂದು ಮೊಬೈಲಿನಲ್ಲಿ ಬಂದ ಚಿತ್ರ ನೋಡಿ ನಂಬುವವರು ಬಹಳ. ಜಾರ್ಜ್ ಫ್ರೆಡರಿಕ್ ರೋಸ್ಕಾಫ್ ಎಂಬಾತ 1867ರಲ್ಲೇ ಕೂಲಿಕಾರನ ಕೈಗೂ ಎಟುಕಲೆಂದು ಅಗ್ಗದ ಕಿಸೆ ಗಡಿಯಾರ ಮಾಡಿದ. ಅದರ ಅನುಕರಣೆಗಳು ಲಕ್ಷಗಟ್ಟಲೆ ತಯಾರಾದವು. ನಮ್ಮ ಸಂದೂಕಗಳಲ್ಲಿ ಸಿಗುವವುಗಳಲ್ಲಿ ಅಂಥ ನಿಕ್ಕಲ್ ಕವಚದವೇ ಬಹಳ. ಬೆಳ್ಳಿಯ ಕವಚವಿದ್ದರೂ ಸಾಧಾರಣ ಕಿಸೆ ಗಡಿಯಾರಕ್ಕೆ ಮಾರುಕಟ್ಟೆ ಕೊಡುವುದು ಕೆಲವು ಸಾವಿರ ರೂಪಾಯಿ ಮಾತ್ರ. ಒಳ್ಳೆಯ ಕೆಲಸಗಾರನಿಂದ ಪೂರ್ತಿ ದುರಸ್ತಿ ಮಾಡಿಸಿದರೆ ಎಷ್ಟೋ ಸಲ ಗಡಿಯಾರದ ಬೆಲೆಗಿಂತ ದುರಸ್ತಿಯ ಖರ್ಚೇ ಹೆಚ್ಚಾಗುತ್ತದೆ. ಆದ್ದರಿಂದ ಲಾಭಕ್ಕಾಗಿ ರಿಪೇರಿ ಮಾಡಿಸಿ ಮಾರುತ್ತೇವೆ ಎನ್ನುವವರಿಗೆ ನಮ್ಮ ಉತ್ತರ ಒಂದೇ: ಬೇಡ. ಮಾರುವುದಿದ್ದರೆ ಇದ್ದ ಹಾಗೆ ಮಾರಿರಿ. ಬಲ್ಲವರು ಕೊಳ್ಳುವುದೂ ಹಾಗೆಯೇ.

ಮೊನ್ನೆ ಮೊನ್ನೆ ಯಲಬುರ್ಗಾ ಕಡೆಯ ಒಂದು ಕೂಡುಮನೆಯವರು ಪಾಲಾಗುವ ಹೊತ್ತಿನಲ್ಲಿ ಇಂಥದೇ ಒಂದು ಗಡಿಯಾರವನ್ನು ವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದರು. ಹೊಲ ಪಾಲಾಗಿತ್ತು, ಮನೆ ಪಾಲಾಗಿತ್ತು, ಭಾಂಡೆ ಸಾಮಾನು ಸಹ ಎಣಿಸಿ ಹಂಚಿದ್ದರು. ಗಡಿಯಾರದಲ್ಲಿ ಬಂದು ನಿಂತಿತ್ತು. ಮೂವರು ಅಣ್ಣತಮ್ಮಂದಿರು. ಹಿರಿಯವನು, "ಅಜ್ಜಾರ, ಇದನ್ನ ರಿಪೇರಿ ಮಾಡಿಸಿ ನಡಿಯೂ ಹಂಗ ಮಾಡಬೇಕ್ರಿ" ಎಂದ. ನಡುವಿನವನು, "ಬೆಳ್ಳಿ ಐತ್ರಿ, ತೂಕಕ್ಕ ಹಾಕಿ ಮೂರು ಪಾಲು ಮಾಡೋಣ್ರಿ" ಎಂದ. ಕಿರಿಯವನದು ಬೇರೆಯೇ ಹಟ: "ನಮ್ಮಪ್ಪ ಕೈಯಾಗಿಟ್ಟಾಗ ಹೆಂಗಿತ್ತೋ ಹಂಗ ಇರಬೇಕ್ರಿ. ಯಾರೂ ಮುಟ್ಟಬಾರದು." ಮೂವರದೂ ತೆಗೆದುಹಾಕುವ ಮಾತಲ್ಲ. ನಾವು ಕೇಳಿದೆವು: "ನಿಮಗ ಅಕ್ಕತಂಗೇರು ಎಷ್ಟು ಮಂದಿ?" ಒಬ್ಬಳು ಅಕ್ಕ, ಕುಷ್ಟಗಿಗೆ ಕೊಟ್ಟಿದೆ ಎಂದರು. ಅವಳನ್ನು ಕೇಳಿರಲಿಲ್ಲ. 2005ರ ತಿದ್ದುಪಡಿ ಹೆಣ್ಣುಮಗಳಿಗೂ ಸಮಪಾಲು ಕೊಟ್ಟಿದೆಯೆಂಬುದನ್ನು ಹೊಲದ ವಿಷಯದಲ್ಲಿ ಮರೆಯುವವರು ಗಡಿಯಾರದ ವಿಷಯದಲ್ಲಿ ನೆನೆಯುತ್ತಾರೆಯೇ? ಫೋನು ಹಚ್ಚಿಸಿದೆವು. ಆಕೆ ಹೇಳಿದ್ದು ಇಷ್ಟು: ಚಿಕ್ಕವಳಿದ್ದಾಗ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅಜ್ಜ ಆ ಗಡಿಯಾರವನ್ನು ಅವಳ ಕೈಗೆ ಕೊಟ್ಟು ಕೀಲಿ ಕೊಡಿಸುತ್ತಿದ್ದರಂತೆ. ತಮ್ಮಂದಿರಿಗೆ ಇದು ಗೊತ್ತೇ ಇರಲಿಲ್ಲ.

ಭಾವನೆಯ ಮಾತು ಹಾಗಿರಲಿ. ಯಂತ್ರದ ಪ್ರಶ್ನೆಗೆ ಯಂತ್ರವನ್ನೇ ನೋಡಬೇಕು. ಗಡಿಯಾರ ನಿಂತಿದೆ ಎಂದರೆ ಏನು ಕೆಟ್ಟಿದೆ? ಒಳಗಿನ ವ್ಯವಸ್ಥೆ ಸರಳ: ಕೀಲಿ ಕೊಟ್ಟಾಗ ಡಬ್ಬಿಯೊಳಗಿನ ಉಕ್ಕಿನ ಮೇನ್ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ; ಅದು ಬಿಚ್ಚಿಕೊಳ್ಳುವಾಗ ಹಲ್ಲುಚಕ್ರಗಳು ತಿರುಗುತ್ತವೆ; ಕೊನೆಯಲ್ಲಿ ಬ್ಯಾಲೆನ್ಸ್ ಎಂಬ ಚಕ್ರ ಕೂದಲೆಳೆಯಂಥ ಸುರುಳಿಯ ಬಲದಿಂದ ಅತ್ತಿತ್ತ ತೂಗಿ ಆ ವೇಗಕ್ಕೆ ಲಗಾಮು ಹಾಕುತ್ತದೆ. ಆ ಕಾಲದ ಸಾಮಾನ್ಯ ಗಡಿಯಾರ ತಾಸಿಗೆ 18,000 ಸಲ, ಅಂದರೆ ದಿನಕ್ಕೆ 4,32,000 ಸಲ ಟಿಕ್ ಎನ್ನುತ್ತದೆ. ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಕೂದಲಿನಷ್ಟು ತೆಳ್ಳಗೆ, ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಅಷ್ಟು ಸಣ್ಣ ತುದಿ ಕೆಂಪು ಕಲ್ಲಿನ ಕುಳಿಯಲ್ಲಿ ನಿಂತು ವರ್ಷಾನುಗಟ್ಟಲೆ ತೂಗುತ್ತದೆ. ಇದನ್ನು ಮಾಡಿದವನ ಕಾಯಕಕ್ಕೆ ಕೈಮುಗಿಯಬೇಕು, ಅವನು ಯಾವ ದೇಶದವನೇ ಇರಲಿ.

ಹೀಗಿರುವಾಗ ಕೆಡುವ ಬಗೆಗಳೂ ಬೇರೆ ಬೇರೆ. ಕೀಲಿ ತಿರುಪು ಬಿಗಿಯಾಗಿ ನಿಂತಿದೆ, ಗಡಿಯಾರ ನಡೆಯುತ್ತಿಲ್ಲ ಎಂದಾದರೆ ಜನ, "ಕೀಲಿ ಜಾಸ್ತಿ ಕೊಟ್ಟು ಕೆಡಿಸ್ಯಾರ" ಎಂದು ಮನೆಯ ಹುಡುಗರನ್ನು ಬೈಯುತ್ತಾರೆ. ಅದು ಸುಳ್ಳು. ಹಳೆಯ ಎಣ್ಣೆ ಒಣಗಿ ಅಂಟಾಗಿ ಚಕ್ರಗಳು ಹಿಡಿದುಕೊಂಡಿರುತ್ತವೆ, ಅಷ್ಟೇ. ಪೂರ್ತಿ ಬಿಚ್ಚಿ ತೊಳೆದು ಹೊಸ ಎಣ್ಣೆ ಇಟ್ಟರೆ ಬಹಳಷ್ಟು ಇಂಥವು ಎದ್ದು ನಡೆಯುತ್ತವೆ. ತಿರುಪು ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತದೆಯೇ? ಬಹುಮಟ್ಟಿಗೆ ಮೇನ್ ಸ್ಪ್ರಿಂಗ್ ತುಂಡಾಗಿದೆ. ಅದು ಬದಲಾಯಿಸಲು ಬರುವ ಭಾಗ. ಅಗಲ, ದಪ್ಪ, ಉದ್ದ ಹೊಂದಿದರೆ ಸಾಕು. ಕೆಳಗೆ ಬಿದ್ದ ಗಡಿಯಾರದ ಕಥೆ ಬೇರೆ. ಬ್ಯಾಲೆನ್ಸಿನ ಅಚ್ಚು ಮುರಿದಿರುತ್ತದೆ. ಆಘಾತ ತಡೆಯುವ ಇಂಕಾಬ್ಲಾಕ್ ಬಂದದ್ದು 1930ರ ದಶಕದಲ್ಲಿ. ಹಳೆಯ ಕಿಸೆ ಗಡಿಯಾರಗಳಿಗೆ ಅಂಥ ರಕ್ಷೆ ಇಲ್ಲ. ಹೊಂದುವ ಅಚ್ಚು ಸಿಗದಿದ್ದರೆ ಲೇತಿನ ಮೇಲೆ ಹೊಸದಾಗಿ ತೆಗೆಯಬೇಕು. ಅದನ್ನು ಬಲ್ಲ ಕೈಗಳು ಈಗ ಬೆರಳೆಣಿಕೆಯಷ್ಟು. ಇನ್ನು ತುಕ್ಕು. ನೀರು ಒಳಹೊಕ್ಕು ಉಕ್ಕಿನ ಭಾಗಗಳನ್ನು ತಿಂದಿದ್ದರೆ, ಅದನ್ನು ನಡೆಸಲೇಬೇಕೆಂಬ ಆಸೆಯನ್ನು ಬಿಡುವುದೇ ಲೇಸು. ಹೀಗಿದ್ದಾಗ ಕೆಲವರು ಅದೇ ಮಾದರಿಯ ಇನ್ನೊಂದು ಗಡಿಯಾರ ತರಿಸಿ, ಅದರ ಕರುಳು ಬಗೆದು ಇದಕ್ಕೆ ಹಾಕಿಸುತ್ತಾರೆ. ಒಂದು ಮನೆಯ ನೆನಪನ್ನು ಉಳಿಸಲು ಇನ್ನೊಂದು ಮನೆಯ ನೆನಪನ್ನು ಮುರಿಯುವುದು ನಮಗೆ ಒಪ್ಪಿಗೆಯಿಲ್ಲ. ಆ ಇನ್ನೊಂದು ಮೊದಲೇ ಭಗ್ನವಾಗಿದ್ದರೆ ಬೇರೆ ಮಾತು.

ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸುವುದು ಇನ್ನೊಂದು ಉಪಾಯ. ಒಳಗಿನ ಯಂತ್ರವನ್ನೆಲ್ಲ ಕಿತ್ತೆಸೆದು, ಸೆಲ್ ಹಾಕುವ ಅಗ್ಗದ ಯಂತ್ರವನ್ನು ಹಳೆಯ ಕವಚದಲ್ಲಿ ಕೂರಿಸಿ ಕೊಡುತ್ತಾರೆ. ಮುಳ್ಳು ತಿರುಗುತ್ತದೆ, ಮನೆಯವರಿಗೆ ಖುಷಿ. ಆದರೆ ಅದು ಅಜ್ಜನ ಗಡಿಯಾರವೇ? ಅಜ್ಜನ ಕೋಟನ್ನು ಬೆದರುಬೊಂಬೆಗೆ ತೊಡಿಸಿ ಅಜ್ಜ ಬಂದನೆಂದ ಹಾಗೆ.

ಈಗ ಮುಖಫಲಕದ, ಅಂದರೆ ಡಯಲಿನ ಮಾತಿಗೆ ಬರೋಣ. ಜಗಳ ಹೆಚ್ಚು ಹುಟ್ಟುವುದು ಇಲ್ಲಿಯೇ. ಹಳೆಯ ಬಿಳಿ ಡಯಲುಗಳು ತಾಮ್ರದ ತಗಡಿನ ಮೇಲೆ ಗಾಜಿನ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಮಾಡಿದ ಎನಾಮಲ್. ಪೆಟ್ಟು ಬಿದ್ದರೆ ಕೂದಲೆಳೆಯ ಬಿರುಕು ಬೀಳುತ್ತದೆ. ಬಿದ್ದ ಬಿರುಕು ಮತ್ತೆ ಕೂಡುವುದಿಲ್ಲ. ಅದರ ಮೇಲೆ ಬಣ್ಣ ಬಳಿದು ಹೊಸ ಅಂಕಿ ಬರೆಯಿಸಬಹುದು. ಹಳೆಯ ವಾಚುಗಳಿಗೆ ಹೀಗೆ ಬಣ್ಣ ಬಳಿದು ಮಾರುವ ದಂಧೆ ಮುಂಬಯಿಯಲ್ಲಿ ಎಷ್ಟು ಬೆಳೆಯಿತೆಂದರೆ, ಹೊರದೇಶದ ಸಂಗ್ರಹಕಾರರು ಮುಂಬಯಿಯ ಹೆಸರು ಕೇಳಿದರೇ ಹಿಂದೆ ಸರಿಯುವ ಹಾಗಾಗಿದೆ.

"ಹಂಗಾದ್ರ ಕಿನ್ನಾಳದವರು ದೇವಿಗೆ ಬಣ್ಣ ಹಚ್ಚೂದಿಲ್ಲೇನ್ರಿ?" ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಕೊಪ್ಪಳದ ಮಗ್ಗುಲಲ್ಲೇ ಇರುವ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಮೂರ್ತಿ ಮಾಡಿ, ಹುಣಸೆ ಬೀಜದ ಅಂಟಿನಿಂದ ಮೈ ತಿದ್ದಿ, ಬಣ್ಣ ಹಚ್ಚುವ ವಿದ್ಯೆ ಉಳ್ಳವರು. ಜಾತ್ರೆಗೆ ಮುನ್ನ ಗ್ರಾಮದೇವತೆಯನ್ನು ಬಣ್ಣಕ್ಕೆ ಕಳಿಸುವ ರೂಢಿ ನಮ್ಮ ಸೀಮೆಯಲ್ಲಿ ಇದೆ. ಬಣ್ಣ ಮಾಸಿದರೆ ಮತ್ತೆ ಹಚ್ಚುತ್ತಾರೆ, ಅದರಲ್ಲಿ ಯಾರಿಗೂ ಸಂಕೋಚವಿಲ್ಲ. ಏಕೆಂದರೆ ಆ ಮೂರ್ತಿ ಇಂದಿನದು. ಇಂದೂ ಅದಕ್ಕೆ ಉಡಿ ತುಂಬುತ್ತಾರೆ, ಇಂದೂ ಅದು ಹೊನ್ನಾಟವಾಡುತ್ತದೆ. ಹಚ್ಚುವ ಕೈಯೂ ಅದೇ ವಿದ್ಯೆಯನ್ನು ತಲೆಮಾರಿನಿಂದ ತಲೆಮಾರಿಗೆ ತಂದ ಕೈ. ಅಲ್ಲಿ ಬಣ್ಣ ಹಚ್ಚುವುದೇ ಸಂಪ್ರದಾಯ.

ಆದರೆ ಅಲ್ಲಿಂದ ಸ್ವಲ್ಪವೇ ದೂರ ಹೋಗಿ ಇಟಗಿಯ ಮಹಾದೇವ ದೇವಾಲಯವನ್ನು ನೋಡಿರಿ. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದ, ಈಗ ಕುಕನೂರು ತಾಲೂಕಿಗೆ ಸೇರಿದ ಊರದು. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಈ ಗುಡಿಯನ್ನು ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಅದರ ಒಂದು ಕಂಬದ ಬಳ್ಳಿ ಮುರಿದಿದೆಯೆಂದು ಇಂದಿನ ಕಲ್ಲುಕುಟಿಗನಿಂದ ಹೊಸ ಬಳ್ಳಿ ಕೆತ್ತಿಸಿ ಅಂಟಿಸಿದರೆ ಹೇಗೆ? ಪುರಾತತ್ವ ಇಲಾಖೆಯವರು ಹಾಗೆ ಮಾಡುವುದಿಲ್ಲ. ಹಳೆಯ ಗುಡಿಗಳಲ್ಲಿ ಕಳಚಿಹೋದ ಭಾಗಕ್ಕೆ ಭಾರ ಹೊರಲು ಕೆತ್ತನೆಯಿಲ್ಲದ ಸಾದಾ ಕಲ್ಲು ಕೂರಿಸುತ್ತಾರೆ. ಯಾವುದು ಹಳೆಯದು, ಯಾವುದು ನಾವು ಇಟ್ಟದ್ದು ಎಂದು ನೋಡುವವನಿಗೆ ಗೊತ್ತಾಗಬೇಕು. ಊಹೆಯಿಂದ ಏನನ್ನೂ ಸೇರಿಸಬಾರದು, ಆದಷ್ಟು ಕಡಿಮೆ ಕೈ ಹಾಕಬೇಕು ಎಂಬುದು 2014ರಲ್ಲಿ ಆ ಇಲಾಖೆ ಹೊರಡಿಸಿದ ಸಂರಕ್ಷಣಾ ನೀತಿಯ ಸಾರ.

ಕಿಸೆ ಗಡಿಯಾರ ಈ ಎರಡರ ನಡುವೆ ನಿಂತ ವಸ್ತು. ಒಳಗಿನ ಯಂತ್ರ ಕಿನ್ನಾಳದ ದೇವಿಯಂತೆ: ಸವೆಯಲೆಂದೇ, ಸವೆದದ್ದನ್ನು ಬದಲಿಸಲೆಂದೇ ಮಾಡಿದ್ದು. ಸ್ಪ್ರಿಂಗ್, ಗಾಜು, ಎಣ್ಣೆ ಇವು ಅದನ್ನು ಮಾಡಿದವನ ಕಾಲದಲ್ಲೇ ಬದಲಾಗುತ್ತಿದ್ದವು. ಮುಖ ಮತ್ತು ಕವಚ ಇಟಗಿಯ ಗುಡಿಯಂತೆ. ಬಿರುಕು ಬಿಟ್ಟ ಡಯಲಿಗೆ ಬಣ್ಣ ಬಳಿಯಬಾರದು, ಸವೆದ ಕವಚವನ್ನು ಪಾಲಿಶ್ ಚಕ್ರಕ್ಕೆ ಹಿಡಿಯಬಾರದು. ಹತ್ತು ಸಲ ಪಾಲಿಶ್ ಹೊಡೆಸಿದರೆ ಬೆಳ್ಳಿಯ ಮೇಲಿನ ಮುದ್ರೆ, ಕೊರೆದ ಹೆಸರು ಎಲ್ಲ ಅಳಿಸಿಹೋಗುತ್ತವೆ. ಅಜ್ಜನ ಹೆಬ್ಬೆರಳು ಸವೆಸಿದ ಜಾಗವನ್ನು ಯಂತ್ರದಿಂದ ಸವೆಸಿ ಹೊಳಪು ತಂದು ಯಾರಿಗೆ ತೋರಿಸಬೇಕಾಗಿದೆ?

ಹಾಗಾದರೆ ನಡೆಯದ ಗಡಿಯಾರಕ್ಕೆ ಬೆಲೆಯೇ ಇಲ್ಲವೇ? ಮಹಾತ್ಮ ಗಾಂಧೀಜಿಯವರ ಉದಾಹರಣೆ ನೋಡಿರಿ. ಕಾಲಪಾಲನೆಯಲ್ಲಿ ಅವರಷ್ಟು ಕಟ್ಟುನಿಟ್ಟಿನವರು ವಿರಳ. ಅವರ ಝೆನಿತ್ ಕಿಸೆ ಗಡಿಯಾರ, ಕನ್ನಡಕ, ಚಪ್ಪಲಿ, ತಟ್ಟೆ ಬಟ್ಟಲುಗಳ ಗುಂಪು 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾದಾಗ 18 ಲಕ್ಷ ಡಾಲರಿಗೆ ಕೊಂಡವರು ನಮ್ಮ ಕರ್ನಾಟಕದವರೇ ಆದ ವಿಜಯ ಮಲ್ಯ. ಅದಕ್ಕಿಂತ ಕುತೂಹಲದ್ದು 2020ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆದ ಹರಾಜು. ಗಾಂಧೀಜಿ 1944ರಲ್ಲಿ ಭಕ್ತರೊಬ್ಬರಿಗೆ ಕೊಟ್ಟಿದ್ದ, ಬೆಳ್ಳಿಯ ಲೇಪದ, ಮುರಿದುಹೋದ ಸ್ವಿಸ್ ಗಡಿಯಾರ ಅದು. ಕೆಟ್ಟದ್ದು ಕೆಟ್ಟಂತೆಯೇ ಹರಾಜಿಗೆ ಬಂದು 12,000 ಪೌಂಡಿಗೆ ಹೋಯಿತು. ಕೊಂಡವನು ವೇಳೆ ನೋಡಲು ಕೊಂಡನೇ? ಇತ್ತ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿನ ಸಂಗೀತ ಗಡಿಯಾರದಲ್ಲಿ ತಾಸಿಗೊಮ್ಮೆ ಪುಟ್ಟ ಬೊಂಬೆ ಬಂದು ಗಂಟೆ ಬಾರಿಸುವುದನ್ನು ನೋಡಲು ಜನ ಕಾದು ಕೂಡುತ್ತಾರೆ. ನಿಂತರೆ ಅದರ ಮುಂದೆ ಯಾರೂ ನಿಲ್ಲುವುದಿಲ್ಲ; ಆದ್ದರಿಂದ ಅದನ್ನು ನಡೆಸಲೇಬೇಕು. (ಕೊಪ್ಪಳ ಆ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಆ ಮನೆಯ ವೈಭವದಲ್ಲಿ ನಮ್ಮ ರೈತರ ಜೋಳದ ಪಾಲೂ ಇದೆಯೆಂಬುದನ್ನು ಅಲ್ಲಿಗೆ ಹೋದವರು ನೆನೆಯಲಿ.) ವ್ಯಕ್ತಿಯಿಂದ ಬೆಲೆ ಬಂದ ಗಡಿಯಾರ ನಿಂತರೂ ಸೈ. ಕೆಲಸದಿಂದ ಬೆಲೆ ಬಂದದ್ದು ನಡೆಯಬೇಕು.

ಯಲಬುರ್ಗಾದ ಆ ಮನೆಯವರ ಗಡಿಯಾರ ಯಾವ ಬಗೆಯದು? ಕುಷ್ಟಗಿಯ ಆ ಅಕ್ಕನ ಮಾತಿನಲ್ಲೇ ಅರ್ಧ ಉತ್ತರವಿತ್ತು. ಇನ್ನರ್ಧ ಹಿಂಬದಿಯ ಮುಚ್ಚಳ ತೆಗೆಸಿದಾಗ ಕಂಡಿತು. ಒಳಮೈಯಲ್ಲಿ ಸೂಜಿಯಿಂದ ಗೀಚಿದಂಥ ಎರಡು ಸಣ್ಣ ಗುರುತುಗಳಿದ್ದವು. ಹಿಂದಿನ ಗಡಿಯಾರ ರಿಪೇರಿಯವರು ತಾವು ಕೈ ಹಾಕಿದ್ದಕ್ಕೆ ಹೀಗೆ ಗುರುತು ಹಾಕಿಡುತ್ತಿದ್ದರು. ಅಂದರೆ ಆ ಅಜ್ಜನೇ ಎರಡು ಸಲ ಅದನ್ನು ರಿಪೇರಿ ಮಾಡಿಸಿದ್ದ. "ಮುಟ್ಟಬಾರದು" ಎಂಬ ಹಟ ಅಜ್ಜನದಾಗಿರಲಿಲ್ಲ. ತಿರುಪು ಸುಮ್ಮನೆ ಸುತ್ತುತ್ತಿತ್ತು, ತುಕ್ಕು ಇರಲಿಲ್ಲ, ಬ್ಯಾಲೆನ್ಸ್ ಸರಾಗವಾಗಿ ತೂಗುತ್ತಿತ್ತು. ಸ್ಪ್ರಿಂಗ್ ಬದಲಿಸಿ, ತೊಳೆಸಿ, ಗಾಜು ಹಾಕಿಸಿ, ಇಲ್ಲದ ನಿಮಿಷದ ಮುಳ್ಳಿಗೆ ಅಳತೆ ಹೊಂದುವ ಸಾದಾ ಮುಳ್ಳು ಹಾಕಿಸಿರಿ, ಡಯಲಿನ ಬಿರುಕು ಹಾಗೇ ಇರಲಿ ಎಂದೆವು. ತಗಲಿದ ಖರ್ಚು ಒಂದು ಮದುವೆಯ ಫ್ಲೆಕ್ಸ್ ಬೋರ್ಡುಗಳಿಗೆ ಸುರಿಯುವ ಹಣಕ್ಕಿಂತ ಕಡಿಮೆ. ಮೂವರು ಕೂಡಿ ಕೊಟ್ಟರು. ಗಡಿಯಾರ ಈಗ ಕುಷ್ಟಗಿಯಲ್ಲಿದೆ. ನಡುವಿನವನಿಗೆ ಇದು ಪೂರ್ತಿ ಸಮಾಧಾನವಾಗಿಲ್ಲವೆಂದು ಕೇಳಿದ್ದೇವೆ. ಆಗಲೇಬೇಕೆಂದೇನೂ ಇಲ್ಲ.

ರಿಪೇರಿಯವರ ಬಗ್ಗೆ ಒಂದು ಮಾತು ಹೇಳದೆ ಇರಲಾಗದು. ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ, ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಕೂಡುತ್ತಿದ್ದವರು ಈಗ ಬಹಳ ಕಡಿಮೆಯಾಗಿದ್ದಾರೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚುಗಳು ತಯಾರಾಗತೊಡಗಿದಾಗ, ಕೀಲಿ ಕೊಡುವ ವಾಚು ಬಿಚ್ಚಿ ಜೋಡಿಸುವುದು ಊರೂರಿನ ಉದ್ಯೋಗವಾಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸುವ ಹೊತ್ತಿಗೆ ಆ ಕೈಗಳು ಸೆಲ್ ಬದಲಿಸುವುದಕ್ಕೆ, ಮೊಬೈಲ್ ಕವರ್ ಮಾರುವುದಕ್ಕೆ ಇಳಿದಿದ್ದವು. ಉಳಿದವರಲ್ಲಿ ಬಹುತೇಕರು ಇಳಿವಯಸ್ಸಿನವರು. ಅವರ ಮಕ್ಕಳು ಈ ಕಸುಬಿಗೆ ಬರುವುದಿಲ್ಲ. ಆದ್ದರಿಂದ ರಿಪೇರಿ ಮಾಡಿಸಬೇಕಾದ ಗಡಿಯಾರವಿದ್ದರೆ ಬೇಗ ಮಾಡಿಸಿರಿ. ಐದು ದಿನ ಕಣ್ಣು ಸೋಲಿಸಿಕೊಂಡು ಮಾಡಿದ ಕೆಲಸಕ್ಕೆ ಐವತ್ತು ರೂಪಾಯಿ ಚೌಕಾಸಿ ಮಾಡಬೇಡಿರಿ. ಮಾಡಲಾಗದು ಎಂದು ಹಿಂದಿರುಗಿಸಿದವನಿಗೂ ನೋಡಿದ್ದಕ್ಕೆ ಏನಾದರೂ ಕೊಡಿರಿ. ಆಗದ್ದನ್ನು ಆಗದೆಂದು ಹೇಳುವ ಕೆಲಸಗಾರನೇ ನಂಬಲು ಯೋಗ್ಯ.

ಇನ್ನು ರಿಪೇರಿ ಬೇಡವೆಂದು ತೀರ್ಮಾನಿಸಿದವರು ಅದನ್ನು ಇಡುವ ಬಗೆ. ದಯವಿಟ್ಟು ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಒಳಗೆ ಬಿಡಬೇಡಿರಿ. ಒಣಗಿದ ಎಣ್ಣೆಯ ಗಡಿಯಾರವನ್ನು ಕುಲುಕಿ ನಡೆಸಬೇಡಿರಿ. ಹಾಗೆ ನಡೆದಷ್ಟೂ ಅಚ್ಚುಗಳು ಸವೆಯುತ್ತವೆ, ಸುಮ್ಮನೆ ನಿಂತಿದ್ದರೆ ಅದಕ್ಕೇನೂ ಆಗದು. ಕತ್ತಲಲ್ಲಿ ಹೊಳೆಯಲೆಂದು ಅಂಕಿ, ಮುಳ್ಳುಗಳಿಗೆ ಬಣ್ಣ ಹಚ್ಚಿದ ಇಪ್ಪತ್ತನೆಯ ಶತಮಾನದ ಮೊದಲರ್ಧದ ಗಡಿಯಾರವಾಗಿದ್ದರೆ ಅದರಲ್ಲಿ ರೇಡಿಯಂ ಇರಬಹುದು. ಹೊಳಪು ಹೋಗಿರುತ್ತದೆ, ವಿಕಿರಣ ಹೋಗಿರುವುದಿಲ್ಲ. ಅದು ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಅಂಥದ್ದನ್ನು ಮನೆಯಲ್ಲಿ ಬಿಚ್ಚಬಾರದು, ಕೆರೆಯಬಾರದು, ಮಕ್ಕಳ ಕೈಗೆ ಕೊಡಬಾರದು. ಉಳಿದವನ್ನು ಒಣಗಿದ ಹತ್ತಿಯ ವಸ್ತ್ರದಲ್ಲಿ ಸುತ್ತಿ, ತೇವವಿಲ್ಲದ ಡಬ್ಬಿಯಲ್ಲಿಡಿ. ಉಣ್ಣೆ, ರಬ್ಬರು ಬೆಳ್ಳಿಯನ್ನು ಕಪ್ಪಾಗಿಸುತ್ತವೆ. ದೇವರ ಜಗಲಿಯ ಮೇಲೆ ಇಡುವವರಿದ್ದಾರೆ. ಭಸ್ಮದ ಧೂಳು, ಎಣ್ಣೆದೀಪದ ಮಸಿ ಯಂತ್ರಕ್ಕೆ ಒಳ್ಳೆಯದಲ್ಲ, ಕಪಾಟಿನಲ್ಲಿಡುವುದೇ ಸರಿ. ಡಬ್ಬಿಯಲ್ಲಿ ಒಂದು ಚೀಟಿ ಇರಲಿ: ಯಾರದ್ದು, ಯಾವ ಊರಿನವರು, ಯಾವಾಗ ನಿಂತಿತು, ಒಳಗೆ ಯಾವ ಭಾಗ ಮುರಿದಿದೆ, ಯಾರ ಕೈಯಲ್ಲಿ ತೋರಿಸಿದ್ದೆವು. ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ಕಾಲಕ್ರಮದಲ್ಲಿ ಹರಡಿ ಬೆಳ್ಳಿಗೆ ಹತ್ತುತ್ತದೆ.